ಏಳು ಸಾವಿರದ ಒಂಬೈನೂರು ಕಿಲೋಮೀಟರ್

"ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅಕ್ಕನಿಗೆ ಹೃದಯದ ಆಪರೇಷನ್. ಅಷ್ಟರೊಳಗೆ ನಾನು ಅವಳ ಹತ್ತಿರ ಇರಬೇಕು."

ವಿಮಾನ ಟಿಕೆಟ್ ಕೌಂಟರಿನ ಮೇಲೆ ಎರಡೂ ಕೈ ಊರಿ ಅವನು ಹೇಳಿದ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು. ಕೌಂಟರ್ ಇದ್ದ ಕಟ್ಟಡದ ಲಿಫ್ಟ್ ರಿಪೇರಿ ಮಾಡುವವನು. ತಿಂಗಳಿಗೊಮ್ಮೆ ಬಂದು, ಕುಡಿಯಲು ನೀರು ಕೇಳಿ, ನಕ್ಕು ಹೋಗುತ್ತಿದ್ದ. ಆ ನಗುವಿಗಾಗಿ ಕೌಂಟರಿನ ನಮ್ಮ ಹುಡುಗಿ ತಿಂಗಳೆಲ್ಲ ಕಾಯುತ್ತಿದ್ದಳೆಂದು ಅವನಿಗೇನು ಗೊತ್ತು, ಪಾಪ! ಇವತ್ತು ಅವನು ನಗಲಿಲ್ಲ.

ಅಕ್ಕ ಇರುವ ದೇಶ ಎಷ್ಟು ದೂರ ಎಂದು ಕೇಳಿದ. ಏಳು ಸಾವಿರದ ಒಂಬೈನೂರು ಕಿಲೋಮೀಟರ್ ಎಂದಳು. ನೇರ ವಿಮಾನವಿಲ್ಲ, ಮಧ್ಯದ ಊರಿನಲ್ಲಿ ಇಳಿದು ಇನ್ನೊಂದು ಹತ್ತಬೇಕು, ಹಾರಾಟವೇ ಹನ್ನೊಂದು ಗಂಟೆ. ಗುರುವಾರ ಬೆಳಗ್ಗೆ ಹತ್ತಕ್ಕೆ ಹೊರಟರೆ...

"ಶುಕ್ರವಾರ ಬೆಳಗ್ಗೆ ಆರಕ್ಕೆ ಅಲ್ಲಿರ್ತೀರಿ," ಎಂದು ಧೈರ್ಯ ತುಂಬಿದಳು. ಅವಳ ಮಾತೇ ಸಾಕೆಂದು ಅವನು ಟಿಕೆಟ್ ಬಿಡಿಸಿಯೂ ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಅದರ ಪ್ರತಿಯನ್ನು ಫೈಲಿಗೆ ಸೇರಿಸುವಾಗ ಅವಳು ತಡೆದು ಮತ್ತೊಮ್ಮೆ ನೋಡಿದಳು. ತಲುಪುವ ವೇಳೆಯ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ '+2' ಎಂದಿತ್ತು. ಹೊರಟ ಎರಡು ದಿನದ ಮೇಲೆ ತಲುಪುವುದು ಎಂದರ್ಥ. ಅವಳು ಅದನ್ನು ಒಂದೆಂದು ಓದಿದ್ದಳು! ಅವನು ಮಧ್ಯದ ಊರಿನಲ್ಲಿ ಇಡೀ ದಿನ ಕೂತು, ಶನಿವಾರ ತಲುಪುವವನಿದ್ದ.

'ಅಯ್ಯೋ... ಆಪರೇಷನ್‌ಗೆ ಮೊದಲು ಅಕ್ಕನ ಮುಖ ನೋಡಲಾಗದಿದ್ದರೆ? ಆ ಮುಖ ಮತ್ತೆ ಕಾಣಿಸದೇ ಹೋದರೆ?'

ಅವನಿನ್ನೂ ಆಕಾಶದಲ್ಲಿದ್ದ, ಇಲ್ಲಿಯ ಲೆಕ್ಕದಲ್ಲಿ ಇಳಿಯುವುದು ಮೂರಕ್ಕೆ. ಹುಡುಕಾಡಿ, ಅಲ್ಲಿಂದ ಐದಕ್ಕೆ ಹೊರಟು ಆಪರೇಷನ್‌ಗೆ ಮೊದಲೇ ತಲುಪಿಸುವ ವಿಮಾನದಲ್ಲಿ ಉಳಿದಿದ್ದ ಒಂದೇ ಸೀಟಿಗೆ ಅವನ ಹೆಸರು ಹಾಕಿಸಿದಳು. ಆಮೇಲೆ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ವಿಮಾನದವರೇ ಬದಲಾಯಿಸಿದರು ಅಂದುಬಿಡು, ತಲೆನೋವೇ ಇರೋದಿಲ್ಲ ಎಂದರು ಮ್ಯಾನೇಜರು. ಹಾಗೇ ಹೇಳಿಬಿಡೋಣವೆಂದು ಅವಳಿಗೂ ಆಸೆಯಾಯಿತು.

ಮೂರೂಕಾಲಿಗೆ ಫೋನ್ ಸಿಕ್ಕಿತು.

"ತಪ್ಪು ನನ್ನದು. ತಾರೀಖು ಸರಿಯಾಗಿ ನೋಡ್ಲಿಲ್ಲ. ಐದರ ವಿಮಾನಕ್ಕೆ ಸೀಟು ಮಾಡಿದೀನಿ... ದಯವಿಟ್ಟು ಓಡಿ."

ಆ ಕಡೆಯಿಂದ "ಸರಿ" ಎಂಬ ಒಂದೇ ಮಾತು... ಕರೆ ಕಟ್ಟಾಯಿತು.

ಶುಕ್ರವಾರ ಕಳೆಯಿತು, ವಾರವೂ ಕಳೆಯಿತು. ಸುದ್ದಿಯಿಲ್ಲ. ಆ 'ಸರಿ'ಯಲ್ಲಿ ಎಷ್ಟು ಸಿಟ್ಟಿತ್ತೋ ಎಂದು ಯೋಚಿಸಿ ಯೋಚಿಸಿ ಅವಳು ಹಣ್ಣಾದಳು. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಕೈಗೆತ್ತಿಕೊಂಡ ಫೋನನ್ನು ಮತ್ತೆ ಕೆಳಗಿಡುತ್ತಿದ್ದಳು.

ಹತ್ತನೇ ದಿನ ಅವನು ಕೌಂಟರಿನ ಎದುರು ನಿಂತಿದ್ದ.

"ಅಕ್ಕ...?"

"ಎದ್ದು ಓಡಾಡ್ತಿದಾಳೆ. ನನ್ನನ್ನ ಬೈಯೋಷ್ಟು ಶಕ್ತಿ ಬಂದಿದೆ."

ಅವಳು ಕುರ್ಚಿಗೆ ಕುಸಿದು ಅತ್ತೇ ಬಿಟ್ಟಳು. ಅವನು ಗಾಬರಿಯಾದ. ಅವತ್ತು ಉಸಿರು ಕಟ್ಟಿ ಓಡಿ ವಿಮಾನ ಹತ್ತಿದ್ದು, ಒಳಗೆ ಕರೆದೊಯ್ಯುವವರೆಗೂ ಅಕ್ಕನ ಕೈ ಹಿಡಿದಿದ್ದು ಎಲ್ಲ ಹೇಳಿದ. ದಿನಾ ಫೋನ್ ಮಾಡಬೇಕೆಂದುಕೊಂಡು, ಮಾತು ತೋಚದೆ ಸುಮ್ಮನಾಗಿದ್ದನಂತೆ.

"ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು ನೀವು, ಹೇಳ್ಲಿಲ್ಲ. ನಿಮ್ಮ ವಿಷಯ ಎಲ್ಲ ಅಕ್ಕನಿಗೆ ಹೇಳಿದೆ. ಅಂಥವಳನ್ನ ಕೈಬಿಟ್ರೆ ನನ್ನ ಮನೆಗೆ ಕಾಲಿಡಬೇಡ ಅಂದಿದಾಳೆ ಅಕ್ಕ."

ಅವಳ ಅಳು ನಿಂತೇ ಹೋಯಿತು.

"ಒಂದು ಕೇಳ್ಲಾ? ಎರಡನ್ನ ಒಂದು ಅಂತ ಹೇಗೆ ಓದಿದ್ರಿ?"

ಅವಳು ತಲೆ ತಗ್ಗಿಸಿದಳು. "ನಾನು ಸ್ಕ್ರೀನ್ ನೋಡ್ತಿರ್ಲಿಲ್ಲ... ನಿಮ್ಮನ್ನ ನೋಡ್ತಿದ್ದೆ."

ಅವನು ಮೆಲ್ಲಗೆ ಎದುರಿನ ಕುರ್ಚಿ ಎಳೆದುಕೊಂಡ.

"ಹಾಗಾದ್ರೆ ಅಲ್ಲಿಗೆ ಇನ್ನೊಂದ್ಸಲ ಟಿಕೆಟ್ ಮಾಡಿ, ಇಬ್ಬರಿಗೂ. ಈ ಸಲ ತಾರೀಖು ನಾನು ನೋಡ್ತೀನಿ."

"ಮತ್ತೆ ನಾನು?"

"ನೀವು ನನ್ನನ್ನೇ ನೋಡ್ತಿರಿ."