ನೋವಿನ ಕಡಗ

ಎಂಬತ್ತು ಟನ್ ಕರಗಿದ ಉಕ್ಕು ತುಂಬಿದ ಕೊಪ್ಪರಿಗೆ ನೆಲ ಬಿಟ್ಟು ಏಳುತ್ತಿದ್ದಂತೆ ಹುಲಿಗೆಮ್ಮನ ಬಲಮೊಣಕೈಯಲ್ಲಿ ಒಂದು ಚಳುಕು ಮೂಡಿತು. ಅವಳು ಹಿಡಿಯನ್ನು ತುಸು ಹಿಂದಕ್ಕೆಳೆದಳು. ಕ್ರೇನಿನ ವೇಗ ತಗ್ಗಿತು, ಚಳುಕೂ ಇಳಿಯಿತು. ನೆಲದಿಂದ ಬಹು ಎತ್ತರದಲ್ಲಿ, ಉಕ್ಕಿನ ತೊಲೆಗೆ ಜೋತುಬಿದ್ದ ಗಾಜಿನ ಗೂಡಿನಲ್ಲಿ ಕುಳಿತ ಅವಳಿಗೆ ಬ್ರೇಕು ಬಿಸಿಯೇರುತ್ತಿದೆ ಎಂದು ಹೇಳಲು ಮಾಪಕವಾಗಲಿ ಕೆಂಪು ದೀಪವಾಗಲಿ ಬೇಕಾಗಿರಲಿಲ್ಲ. ಅಂಗಾಲಿಗೆ ಮುಳ್ಳು ನಾಟಿದ್ದು ತಿಳಿಯುವಷ್ಟು ಸಹಜವಾಗಿ ಅದು ಅವಳಿಗೆ ತಿಳಿದಿತ್ತು.

ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದ ವಿಜ್ಞಾನಿ ಡಾ. ಚಂದ್ರಮೌಳಿ ಬಣಕಾರರ ಕಣ್ಣುಗಳು ತೇವಗೊಂಡವು. ಅರ್ಧ ಆಯುಷ್ಯವನ್ನು ಅವರು ಈ ಗಳಿಗೆಗಾಗಿ ಕಳೆದಿದ್ದರು.

ಅದು ಈ ಶತಮಾನದ ಅರವತ್ತರ ದಶಕ. ಸಂಡೂರಿನ ಕೆಂಪು ಗುಡ್ಡಗಳಲ್ಲಿ ಅಗೆಯಲು ಏನೂ ಉಳಿದಿರಲಿಲ್ಲ. ಬಳ್ಳಾರಿ ಸೀಮೆಯ ಆ ಕಾರ್ಖಾನೆ ಹಳೆಯ ಬಸ್ಸು, ರೈಲುಹಳಿ, ಸೇತುವೆಗಳನ್ನು ಕರಗಿಸಿ ಬದುಕುತ್ತಿತ್ತು. ಒಂದು ಯುಗ ತನ್ನ ಎಲುಬುಗಳನ್ನೇ ಬೇಯಿಸಿ ಉಣ್ಣುತ್ತಿದ್ದ ಹಾಗೆ.

ಕ್ರೇನಿನ ಅಪಘಾತಗಳನ್ನು ಅಧ್ಯಯನ ಮಾಡಿದ ಬಣಕಾರರಿಗೆ ಮೊದಲೇ ಹೊಳೆದದ್ದು ಒಂದೇ ಸಂಗತಿ: ಯಂತ್ರಗಳು ಸುಮ್ಮನೆ ಮುರಿಯುವುದಿಲ್ಲ, ಬಹುಕಾಲ ಮುನ್ಸೂಚನೆ ಕೊಟ್ಟು ಮುರಿಯುತ್ತವೆ. ಆದರೆ ಎಚ್ಚರಿಕೆಯ ಗಂಟೆಗೆ ಜನ ಬಟ್ಟೆ ತುರುಕುತ್ತಿದ್ದರು. ಭಾರ ಹಿಡಿಯುವ ಹುಕ್ಕು ಮಿತಿ ಮೀರಿ ಏರಿದರೆ ತಾನಾಗಿ ತಡೆಯುವ ಲಿಮಿಟ್ ಸ್ವಿಚ್ಚನ್ನು ತಂತಿಯಿಂದ ಬಿಗಿದು ಮಲಗಿಸುತ್ತಿದ್ದರು. ಗಂಟೆಯ ಬಾಯನ್ನು ಕಟ್ಟಬಹುದು, ನೋವನ್ನು ಕಟ್ಟಲಾಗದು ಎಂದು ಬಣಕಾರರು ತರ್ಕಿಸಿದರು. ಕ್ರೇನಿನ ತೊಲೆ, ಬ್ರೇಕು ಮತ್ತು ಉಕ್ಕಿನ ಎಳೆಗಳ ರೋಪುಗಳೊಳಗೆ ಕೂದಲಿಗಿಂತ ತೆಳುವಾದ ಗಾಜಿನ ನೂಲುಗಳನ್ನು ಹೆಣೆದರು. ಉಕ್ಕು ದಣಿದು ಸೀಳತೊಡಗಿದರೆ ನೂಲಿನಲ್ಲಿ ಹರಿಯುವ ಬೆಳಕು ಕಂಪಿಸುತ್ತದೆ. ಆ ಕಂಪನ ಚಾಲಕರ ಬಲಮಣಿಕಟ್ಟಿನ ಕಡಗಕ್ಕೆ ತಲುಪಿ, ಅಲ್ಲಿಂದ ಕಿರುವಿದ್ಯುತ್ತಾಗಿ ನರದೊಳಗೆ ಇಳಿಯುತ್ತದೆ. ಬ್ರೇಕಿನ ಬೇನೆ ಮೊಣಕೈಗೆ, ತೊಲೆಯದು ಹೆಗಲಿಗೆ, ರೋಪಿನದು ಬೆರಳುಗಳಿಗೆ. ಶಾಸ್ತ್ರದಲ್ಲಿ ಅದರ ಹೆಸರು ಅನುವೇದಕ. ಕೆಲಸಗಾರರು ಕಡಗವೆಂದೇ ಕರೆದರು. ಹುಲಿಗೆಮ್ಮ ಬಲಗೈಯ ಹಸಿರು ಬಳೆಗಳನ್ನು ತೆಗೆದು ಅದನ್ನು ಕಟ್ಟಿಕೊಂಡ ದಿನ ಜೊತೆಯವರು, ಗಂಡ ಕಟ್ಟಿದ್ದು ಕೊಳ್ಳಾಗ, ಕಂಪನಿ ಕಟ್ಟಿದ್ದು ಕೈಯಾಗ ಎಂದು ಚುಡಾಯಿಸಿದ್ದರು.

ಮೂರು ವರ್ಷಗಳ ಬಳಿಕ ಬಣಕಾರರು ಮತ್ತೆ ಅಲ್ಲಿಗೆ ಬಂದರು. ಈ ಅವಧಿಯಲ್ಲಿ ಒಂದೂ ಅಪಘಾತವಾಗಿರಲಿಲ್ಲ. ಅವರಿಗೊಂದು ಸನ್ಮಾನವನ್ನೂ ಏರ್ಪಡಿಸಲಾಗಿತ್ತು. ಶಾಲು ಹೊದೆಯುವ ಮುನ್ನ ಆ ಗೂಡಿನಲ್ಲಿ ಒಂದಿಷ್ಟು ಹೊತ್ತು ಕೂರಬೇಕೆಂದು ಅವರಿಗೆ ಆಸೆಯಾಯಿತು. ನಿರ್ವಹಣೆಯ ಮೇಸ್ತ್ರಿ ಗಾದಿಲಿಂಗಪ್ಪ ಕಬ್ಬಿಣದ ಏಣಿಯಲ್ಲಿ ಅವರನ್ನು ಜೋಪಾನವಾಗಿ ಹತ್ತಿಸಿದ.

ಮೇಲೆ ಹುಲಿಗೆಮ್ಮ ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟಳು. ಅವಳ ಮುಖ ಮೂರು ವರ್ಷಕ್ಕಿಂತ ಹೆಚ್ಚು ಮುಪ್ಪಾದಂತೆ ಕಂಡಿತು. ಮಾತಿನ ನಡುವೆ ಒಂದೊಂದೇ ಸಂಗತಿ ಹೊರಬಿತ್ತು. ಹಿಂದೆ ತಿಂಗಳಿಗೊಮ್ಮೆ ಕ್ರೇನನ್ನು ನಿಲ್ಲಿಸಿ, ಗ್ರೀಸು ಒರೆಸಿ, ರೋಪಿನ ಉದ್ದಕ್ಕೂ ಬಟ್ಟೆ ಸವರಿ ನೋಡುತ್ತಿದ್ದರಂತೆ; ಎಳೆ ತುಂಡಾಗಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಡಗ ಬಂದ ಮೇಲೆ ಆ ತಪಾಸಣೆ ನಿಂತಿತು. ಚಾಲಕರು ನೋವು ತಾಳಲಾರೆ ಎಂದಾಗ ರೋಪು ಬದಲಿಸಿದರಾಯಿತು ಎಂದು ಕಚೇರಿ ತೀರ್ಮಾನಿಸಿತ್ತು.

"ಮತ್ತೆ, ಯಾವಾಗ ಬದಲಿಸಿದಿರಿ?" ಎಂದರು ಬಣಕಾರರು.

ಗಾದಿಲಿಂಗಪ್ಪ ಕೆಳಗೆ ನೋಡಿದ. "ತಾಳಂಗಿಲ್ಲ ಅಂತ ಯಾರೂ ಅಂದೇ ಇಲ್ರಿ ಸರ."

ಒಬ್ಬ ಹೇಳಿದ್ದ. ಮಾಬುಸಾಬ್ ಎಂಬ ಚಾಲಕ ಮೊದಲ ವರ್ಷವೇ ಕೈ ಝಾಡಿಸಿ ಕೆಳಗಿಳಿದಿದ್ದ. ತೊಗಲು ತೆಳ್ಳಗಿನವನೆಂದು ಎಲ್ಲರೂ ನಕ್ಕರು. ಅವನನ್ನು ಗುಜರಿ ಅಂಗಳಕ್ಕೆ ಹಾಕಿದರು, ಕಂಪನಿಯ ಮನೆ ಬಿಡಿಸಿದರು. ಆಮೇಲೆ ಕಚೇರಿಗೆ ಇನ್ನೊಂದು ಉಪಾಯ ಹೊಳೆಯಿತು: ಹುಲಿಗೆಮ್ಮನಂತೆ ಹೆತ್ತ ಹೆಂಗಸರನ್ನೇ ಆರಿಸಿ ಉಳಿದ ಕ್ರೇನುಗಳಿಗೂ ಕೂರಿಸಿದರು. ತಾಳಿಕೊಳ್ಳುವುದು ಅವರಿಗೆ ರೂಢಿಯಲ್ಲವೇ?

ಬಣಕಾರರು ಲೋಟವನ್ನು ಕೆಳಗಿಟ್ಟರು. ಇಲ್ಲಿ ನೋವು ಯಾರನ್ನೂ ತಡೆದು ನಿಲ್ಲಿಸುವುದಿಲ್ಲ, ತಾಳಿದವರಿಗೆ ಮರ್ಯಾದೆ ತರುತ್ತದೆ ಎಂಬುದು ಪ್ರಯೋಗಾಲಯದ ಯಾವ ಲೆಕ್ಕದಲ್ಲಿಯೂ ಅವರಿಗೆ ಕಂಡಿರಲಿಲ್ಲ.

"ನೀನಾದರೂ ಹೇಳಬಾರದಿತ್ತೇನಮ್ಮ?"

"ಏನಂತ ಹೇಳ್ಲಿರಿ ಸರ? ಮೂರು ಹಡದಾಕಿಗೆ ಬೆರಳು ನೋಯ್ತಾವ ಅಂದ್ರ ನಗಂಗಿಲ್ಲೇನು?" ಎಂದು ಅವಳೇ ನಕ್ಕಳು. "ಮನಿ ಬಿಡು ಅಂದ್ರ ಹುಡುಗರನ್ನ ಎಲ್ಲಿಗೆ ಕರಕೊಂಡು ಹೋಗ್ಲಿ? ಈಗ ಚಿಂತಿಲ್ಲ ಬಿಡ್ರಿ. ಹೋದ ಅಮಾಸಿಯಿಂದ ನೋವು ಪೂರಾ ನಿಂತೈತಿ. ರೋಪು ತಾನ ಸರಿ ಆಗೈತೋ ಏನೋ."

ಗಾದಿಲಿಂಗಪ್ಪನೂ ಅದನ್ನೇ ನಂಬಿದ್ದ. ಬಣಕಾರರಿಗೂ ಒಂದು ಕ್ಷಣ ಸಮಾಧಾನವಾಯಿತು. ಅಷ್ಟರಲ್ಲಿ ಅವಳು ತನಗಾಗಿ ಚಹಾ ಬಗ್ಗಿಸಿಕೊಂಡಳು. ಲೋಟ ತುಂಬಿ, ಹೊಗೆಯಾಡುವ ಚಹಾ ಅದನ್ನು ಹಿಡಿದಿದ್ದ ಬಲಗೈಯ ಬೆರಳುಗಳ ಮೇಲೆ ಹರಿದು ಮಣಿಕಟ್ಟಿನವರೆಗೂ ಇಳಿಯಿತು. ಅವಳು ಕೈ ಕದಲಿಸಲಿಲ್ಲ. ಬಟ್ಟೆ ಒದ್ದೆಯಾದಾಗ ಮಾತ್ರ ನೋಡಿ, "ಅಯ್ಯ, ಚೆಲ್ಲಿತಲ್ಲ" ಎಂದಳು.

ಬಣಕಾರರಿಗೆ ಎಲ್ಲವೂ ಅರ್ಥವಾಯಿತು. ರೋಪು ವಾಸಿಯಾಗಿರಲಿಲ್ಲ, ವರ್ಷಗಟ್ಟಲೆ ಬಿಡದೆ ಹರಿದ ಕಡಗದ ವಿದ್ಯುತ್ತಿಗೆ ನರ ಸತ್ತಿತ್ತು. ಉಕ್ಕು ಈಗಲೂ ಕೂಗುತ್ತಿರಬಹುದು, ಕೇಳಿಸಿಕೊಳ್ಳುವ ಕೈ ಮಾತ್ರ ಇರಲಿಲ್ಲ. ಕೆಳಗೆ ಅಚ್ಚುಗಳ ಸಾಲಿನಲ್ಲಿ ಜನ ಓಡಾಡುತ್ತಿದ್ದರು. ಕೊಪ್ಪರಿಗೆ ಅವರ ತಲೆಯ ಮೇಲೆಯೇ ಹಾಯಬೇಕಿತ್ತು.

ಅವರು ಕಡಗವನ್ನು ಬಿಚ್ಚಿಸಿ ತಮ್ಮ ಕೈಗೆ ಕಟ್ಟಿಕೊಂಡರು. ಗಾದಿಲಿಂಗಪ್ಪ ಕೆಳಗಿಳಿದು ಅಂಗಳದ ಜನರನ್ನು ದೂರ ಸರಿಸಿದ. ಕುಳಿಯಲ್ಲಿದ್ದ ಕೊಪ್ಪರಿಗೆಯನ್ನು ಗೇಣುದ್ದ ಮಾತ್ರ ಎತ್ತಲು ಬಣಕಾರರು ಹುಲಿಗೆಮ್ಮನಿಗೆ ಹೇಳಿದರು. ಅವಳು ಎಡಗೈಯಿಂದ ಹಿಡಿ ಎಳೆದಳು. ಬಣಕಾರರ ಬೆರಳುಗಳನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡಿದರು. ಹಿಂಡುತ್ತಲೇ ಹೋದರು.

"ಇಳಿಸಮ್ಮ," ಎಂದರು. ಮತ್ತೆ ಹೇಳಲು ಉಸಿರು ಉಳಿದಿರಲಿಲ್ಲ.

ಅವಳು ಇಳಿಸಿದಳು. ಆಮೇಲೆ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ತಾನು ಅಷ್ಟು ಕಾಲ ಹೊತ್ತದ್ದು ಎಷ್ಟೆಂಬುದು ಇನ್ನೊಬ್ಬರ ಮುಖದಲ್ಲಿ ಅವಳಿಗೆ ಮೊದಲ ಬಾರಿ ಕಾಣಿಸಿತ್ತು.

ರೋಪನ್ನು ಬಿಚ್ಚಿದಾಗ, ಮೇಲಿನ ರಾಟೆಯನ್ನು ಬಳಸಿ ಹೋಗುವ ಮರೆಯ ಜಾಗದಲ್ಲಿ ಅರ್ಧದಷ್ಟು ಎಳೆಗಳು ತುಂಡಾಗಿ, ತುಕ್ಕಿನ ಹುಡಿಯೊಳಗೆ ಒಣ ಹುಲ್ಲಿನಂತೆ ನಿಂತಿದ್ದವು. ಗಾದಿಲಿಂಗಪ್ಪ ಒಂದು ಎಳೆಯನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಹೊಸ ರೋಪನ್ನು ಅದೇ ವಾರ ಹಾಕಿದರು. ಉಗ್ರಾಣದಲ್ಲಿ ಅದು ಮೊದಲಿನಿಂದಲೂ ಇತ್ತು. ಹುಲಿಗೆಮ್ಮನ ಕೈಗೆ ಬದಲಿ ಯಾವ ಉಗ್ರಾಣದಲ್ಲಿಯೂ ಇರಲಿಲ್ಲ. ಆ ನರ ಮತ್ತೆ ಚಿಗುರುವುದಿಲ್ಲವೆಂದು ವೈದ್ಯರು ಹೇಳಿದರು.

ಸನ್ಮಾನದ ಬದಲು ಒಂದು ಸಭೆ ನಡೆಯಿತು. ಕಡಗವನ್ನು ಹಿಂದಕ್ಕೆ ಪಡೆದು ಹಳೆಯ ತಪಾಸಣೆಯನ್ನು ಮರಳಿ ತರಬೇಕೆಂದು ಬಣಕಾರರು ಬೇಡಿಕೊಂಡರು. ಕ್ರೇನು ನಿಂತರೆ ಕುಲುಮೆ ನಿಲ್ಲುತ್ತದೆ ಎಂದರು ಅಧಿಕಾರಿಗಳು. ಅಪಘಾತವಾಗಿಲ್ಲ ಎಂಬುದನ್ನೂ ನೆನಪಿಸಿದರು. ಕೊನೆಗೆ ಬಣಕಾರರು ಕಡಗವನ್ನು ಮೇಜಿನ ನಡುವೆ ಇಟ್ಟರು.

"ಹಾಗಾದರೆ ರೋಪು ಬದಲಿಸಲು ಯಾರು ಅಪ್ಪಣೆ ಕೊಡಬೇಕೋ ಅವರೇ ಇದನ್ನು ಕಟ್ಟಿಕೊಳ್ಳಲಿ. ಕ್ರೇನು ನೋಯುವುದು ಅವರಿಗೆ ತಿಳಿಯಲಿ. ನಾನು ತಂತಿಯನ್ನು ಸೇರಿಸಿದ್ದು ತಪ್ಪು ಕೈಗೆ."

ಕಡಗ ಮೇಜಿನ ಗಾಜಿನಲ್ಲಿ ತನ್ನ ನೆರಳನ್ನು ನೋಡುತ್ತ ಬಿದ್ದಿತ್ತು. ಕಡೆಗೆ ಹಿರಿಯ ಅಧಿಕಾರಿ, ಚಾಲಕರು ಆರು ತಿಂಗಳು ಬಲಗೈಗೆ, ಆರು ತಿಂಗಳು ಎಡಗೈಗೆ ಕಟ್ಟಿಕೊಂಡರೆ ನರಕ್ಕೆ ವಿಶ್ರಾಂತಿ ಸಿಗುವುದಲ್ಲವೇ ಎಂದು ಮೆಲ್ಲಗೆ ಕೇಳಿದರು. ಹಲವರು ತಲೆಯಾಡಿಸಿದರು. ಹೊರಗೆ ಪಾಳಿಯ ಸೈರನ್ನು ಕೂಗಿತು.

ಸಾಕ್ಷಿ ಹೇಳಲು ಬಂದು ಬಾಗಿಲ ಬಳಿ ನಿಂತಿದ್ದ ಹುಲಿಗೆಮ್ಮ ಮೇಜಿನ ಹತ್ತಿರ ಬಂದಳು. "ಬೇಡಮ್ಮ," ಎಂದರು ಬಣಕಾರರು. ಅವಳು ಅವರತ್ತ ನೋಡಲಿಲ್ಲ.

"ಪಾಳಿ ಆತ್ರಿ ಸರ. ಕುಲುಮಿ ಕಾಯಂಗಿಲ್ಲ."

ಎಡಗೈಯ ಹಸಿರು ಬಳೆಗಳನ್ನು ಅವಳು ಒಂದೊಂದಾಗಿ ತೆಗೆದು ಬಲಗೈಗೆ ಏರಿಸಿಕೊಂಡಳು. ಸೆಟೆದ ಬೆರಳುಗಳ ಗೆಣ್ಣಿನಲ್ಲಿ ಒಂದು ಬಳೆ ಒಡೆದು, ಚೂರು ಚರ್ಮದೊಳಗೆ ಇಳಿಯಿತು. ರಕ್ತ ನೂಲಿನಂತೆ ಹರಿದದ್ದು ಅವಳಿಗೆ ತಿಳಿಯಲಿಲ್ಲ. ಕಡಗವನ್ನು ಎತ್ತಿ ಬರಿದಾದ ಎಡಗೈಗೆ ಬಿಗಿದುಕೊಂಡು, ಏಣಿಯ ಕಡೆಗೆ ನಡೆದಳು.

ಆ ಕಡಗ ಇನ್ನೂ ಹುಟ್ಟಿಲ್ಲ. ಅದಕ್ಕೆ ಕೆಲವು ದಶಕಗಳಿವೆ. ಆದರೆ ಈ ಹೊತ್ತು ನಮ್ಮ ಬೀದಿಯ ತುದಿಯಲ್ಲಿ ಏಳುತ್ತಿರುವ ಕಟ್ಟಡದ ಮೇಲೆ ಒಂದು ಕ್ರೇನು ತಿರುಗುತ್ತಿದೆ, ಅದರ ಗಂಟೆಗೆ ಯಾರೋ ಬಟ್ಟೆ ತುರುಕಿದ್ದಾರೆ. ಕಡಗ ಕಟ್ಟಿಸಿಕೊಳ್ಳಲು ಬೇಕಾದ ಕೈಗಳು ಆಗಲೇ ಸಿದ್ಧವಾಗಿವೆ.