ಧರ್ಮಸ್ಥಳದಿಂದ ಬರುವಾಗ ತಿಂದ ಬಂಗುಡೆ

ಮದುವೆಯಾಗಿ ಆರು ತಿಂಗಳಾದ ಮೇಲೆ ನನ್ನ ಗಂಡನ ಮುಖವನ್ನು ನಾನು ಹಗಲು ಹೊತ್ತಿನಲ್ಲಿ ಕಣ್ತುಂಬ ನೋಡಿದ್ದು ಮಂಗಳೂರಿನಲ್ಲಿ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ, ಮೀನಿನ ಬುಟ್ಟಿಗಳ ನಡುವೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾದದ್ದು ಬೂಕನಕೆರೆಯ ನಮ್ಮ ಮನೆಗೆ.

ಆ ಮನೆಯಲ್ಲಿ ಗಂಡ ಹೆಂಡತಿ ಹಿರಿಯರ ಮುಂದೆ ಮಾತಾಡಕೂಡದು. ಅತ್ತೆ ಮಂಗಳಮ್ಮನವರು ಪಡಸಾಲೆಯಲ್ಲಿ ಕೂತರೆಂದರೆ ಅಡುಗೆಮನೆ, ಕೊಟ್ಟಿಗೆ, ಬೀದಿ ಬಾಗಿಲು ಮೂರೂ ಅವರ ಕಣ್ಣಳತೆಯಲ್ಲೇ. ನೀರಿಗೆ ಹೋದರೂ ನಾದಿನಿ ಜೊತೆಗೆ. ಇವರು, ಅಂದರೆ ನನ್ನ ಗಂಡ ಚಿಕ್ಕಸ್ವಾಮಿ, ನನಗೇನಾದರೂ ಹೇಳಬೇಕಾದರೆ ಗೋಡೆ ನೋಡಿಕೊಂಡು ಹೇಳುತ್ತಿದ್ದರು. ರಾತ್ರಿಯ ಪಿಸುಮಾತಿಗೂ ಗೋಡೆಯಾಚೆ ಅತ್ತೆಯ ಹಾಸಿಗೆ. ನನಗೆ ಉಸಿರು ಕಟ್ಟುತ್ತಿತ್ತು.

ತೊಂಬತ್ತೈದರಲ್ಲಿ ಧರ್ಮಸ್ಥಳದ ಹರಕೆ ತೀರಿಸಿ ಬರಲು ಅತ್ತೆ ನಮ್ಮಿಬ್ಬರನ್ನೇ ಕಳಿಸಿದರು. ಅವರ ಮಂಡಿನೋವಿಗೆ ನಾನು ಈಗಲೂ ಋಣಿ. ಪ್ರಸಾದ ಮನೆ ಸೇರುವವರೆಗೆ ಮೀನು ಮಾಂಸ ಮುಟ್ಟಬಾರದು, ಎಲ್ಲೂ ನಿಲ್ಲದೆ ಬರಬೇಕು ಎಂದು ಕಟ್ಟಪ್ಪಣೆ ಮಾಡಿದ್ದರು. ದರ್ಶನವಾಯಿತು. ಬಸ್ ಸ್ಟ್ಯಾಂಡಿಗೆ ಬಂದರೆ ಎದುರಿಗೇ ಮಂಗಳೂರಿನ ಬಸ್ಸು. ಸಮುದ್ರ ನೋಡಬೇಕು, ಅಲ್ಲಿನ ಮೀನು ತಿನ್ನಬೇಕು ಎಂದೆ. ಇವರು ಬೇಡವೆಂದರು, ಅತ್ತಿತ್ತ ನೋಡಿದರು, ಹತ್ತಿಬಿಟ್ಟರು.

ದಕ್ಕೆಯಲ್ಲಿ ಬೋಟಿನಿಂದ ಆಗಷ್ಟೇ ಇಳಿಸಿದ ಮೀನು. ಕೆರೆಮೀನು ಬಿಟ್ಟು ಬೇರೆ ಗೊತ್ತಿಲ್ಲದ ಇವರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಬಂಗುಡೆಯ ಬಾಯಿ ಬಿಡಿಸಿ ನೋಡಿದರು. ಮೀನಿನವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಕಿವಿರು ಎತ್ತಿ ಕೆಂಪು ತೋರಿಸಿ, ತಾಜಾ ಮೀನನ್ನು ಹೀಗೆ ನೋಡಬೇಕೆಂದು ಹೇಳಿಕೊಟ್ಟಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಇವರು ನನ್ನ ಕಡೆ ತಿರುಗಿದವರು ಕಣ್ಣು ಕೀಳಲೇ ಇಲ್ಲ. ಬಿಸಿಲಿಗೆ ಅವರ ಕಣ್ಣು ಜೇನಿನ ಬಣ್ಣಕ್ಕಿತ್ತು. ನನಗದು ಗೊತ್ತೇ ಇರಲಿಲ್ಲ.

"ಏನ್ರೀ, ಅಂಗ್ ನೋಡ್ತಾ ಇದ್ದೀರಾ?"

"ಇಲ್ಲಿ ಯಾರೂ ಇಲ್ವಲ್ಲ, ಅದ್ಕೆ."

ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನರಿದ್ದರು.

ಪಕ್ಕದ ಪುಟ್ಟ ಹೋಟೆಲಿನವರು ನಾವು ಕೊಂಡ ಮೀನಿಗೇ ಮಸಾಲೆ ಹಚ್ಚಿ ಕಾಯಿಸಿ ಕೊಟ್ಟರು. ಪ್ರಸಾದದ ಚೀಲವನ್ನು ಇವರು ದೂರದ ಮೊಳೆಗೆ ನೇತುಹಾಕಿ, ಅದಕ್ಕೆ ಬೆನ್ನು ಮಾಡಿ ಕೂತರು. ಮುಳ್ಳು ಬಿಡಿಸಿ, ಹೊಗೆಯಾಡುವ ಮೊದಲ ತುಂಡನ್ನು ನನ್ನ ಎಲೆಗಿಟ್ಟರು. ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ತಣ್ಣಗಿನ ಸಾರು, ಬಾಲದ ತುಂಡು ತಿನ್ನುವವಳು ನಾನು. ಬಿಸಿಮೀನು ಇಷ್ಟು ಸಿಹಿಯಾಗಿರುತ್ತದೆಂದು ಅಂದೇ ತಿಳಿದದ್ದು. ಕಣ್ಣು ತುಂಬಿತು. ಖಾರವಾಯಿತೇ ಎಂದು ಕೇಳಿದರು.

"ನಾಳೆಯಿಂದ ಮತ್ತೆ ಗೋಡೆ ಜೊತೆ ಮಾತಾಡ್ತೀರಿ. ನಂಗೆ ಆ ಮನೇಲಿ ಇರಕ್ಕಾಗಕಿಲ್ಲ ಕಣ್ರೀ. ಇಲ್ಲಿರೋ ಗಂಡ ಅಲ್ಲೂ ಬೇಕು ನಂಗೆ."

ಇವರು ಮುಳ್ಳನ್ನೆಲ್ಲ ಎಲೆಯ ಅಂಚಿಗೆ ಸರಿಸಿದರು. "ನಿನ್ ಮ್ಯಾಲೆ ಪ್ರಾಣಾನೇ ಮಡಗಿವ್ನಿ ಕಣಮ್ಮಿ. ಅವ್ವನ್ ಮುಂದೆ ನಿಂತ್ರೆ ಬಾಯೇ ಬರಕಿಲ್ಲ."

ಪ್ರೀತಿ ಇದೆಯೆಂದು ತಿಳಿಯಿತು, ಧೈರ್ಯದ ಸಂಗತಿ ತಿಳಿಯಲಿಲ್ಲ. ತವರಿಗೆ ಹೋಗೋಣವೆಂದರೆ ಅಲ್ಲೂ ಅಂಥದೇ ಪಡಸಾಲೆ. ಬಸ್ಸು ಹತ್ತಿದೆ. ಊರು ಹತ್ತಿರವಾದಂತೆ ಇವರ ತೋಳು ನನ್ನ ತೋಳಿನಿಂದ ಇಷ್ಟಿಷ್ಟೇ ದೂರ ಸರಿಯಿತು. ನಾನು ಕಿಟಕಿಯ ಸರಳು ಹಿಡಿದುಕೊಂಡು ಕೂತೆ.

ಬೆಳಿಗ್ಗೆ ಮನೆ ಮುಟ್ಟಿದಾಗ, ಒಂದು ದಿನ ತಡವಾದದ್ದು ಯಾಕೆಂದು ಬಾಗಿಲಲ್ಲೇ ಅತ್ತೆ ಕೇಳಿದ್ದು ನನ್ನನ್ನು. ಬಸ್ಸು ಕೆಟ್ಟಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರು ಬಾಯಿ ತೆರೆದರು.

"ಮಂಗಳೂರ್ಗೆ ಓಗಿದ್ದೊ ಕಣವ್ವ. ಮೀನು ತಿಂದೊ. ಇವಳು ಬ್ಯಾಡ ಅಂದ್ಲು, ನಾನೇ ಕರ್ಕೊಂಡೋದೆ."

ಆ ಕೊನೆಯ ಸುಳ್ಳಿಗೆ ನಾನು ಸೋತುಹೋದೆ.

ಅತ್ತೆ ಕಿರುಚಲಿಲ್ಲ. ಇಬ್ಬರೂ ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚುವವರೆಗೆ ಹೊಸ್ತಿಲು ದಾಟದೆ ಜಗಲಿಯ ಮೇಲೇ ಕೂರಬೇಕು, ಬೀದಿಯವರೆಲ್ಲ ನೋಡಲಿ ಎಂದರು. ಒದ್ದೆ ತಲೆಯಲ್ಲಿ ಕೂತೆವು. ಹಾದುಹೋಗುವವರೆಲ್ಲ ನಿಂತು ವಿಚಾರಿಸಿದರು. ಇವರು ತಲೆ ತಗ್ಗಿಸಿಯೇ ಇದ್ದರು. ಮುಗಿಯಿತು, ಇನ್ನು ಈ ಜನ್ಮಕ್ಕೆ ಮಾತಿಲ್ಲ ಎಂದುಕೊಂಡೆ.

ಮಧ್ಯಾಹ್ನ ಅತ್ತೆಯ ಮನಸ್ಸು ಕರಗಿತು, ಮಗನ ಮಟ್ಟಿಗೆ ಮಾತ್ರ. ಮುದ್ದೆ ಆರಿಹೋಗುತ್ತದೆ, ನೀನು ಒಳಗೆ ಬಾ ಎಂದು ಕರೆದರು. ಇವರು ಎದ್ದು ನಿಂತರು. ಹೊಸ್ತಿಲು ನೋಡಿದರು, ನನ್ನನ್ನು ನೋಡಿದರು. ಮತ್ತೆ ನನ್ನ ಪಕ್ಕಕ್ಕೆ, ಮೊದಲಿಗಿಂತ ಹತ್ತಿರ ಬಂದು ಕೂತರು.

"ಇವಳೂ ಉಂಡಿಲ್ಲ ಕಣವ್ವ," ಎಂದರು, ಬೀದಿಗೆಲ್ಲ ಕೇಳುವ ಹಾಗೆ. "ಇಬ್ರಿಗೂ ಇಲ್ಲೇ ತಂದಿಕ್ಕು."