ಹುಣಸೆ ಸಾಲಿನ ಕವಲಿನಲ್ಲಿ ಸುಣ್ಣದ ಬಾಣ

೧೯೯೩ನೇ ಇಸವಿ ಅಕ್ಟೋಬರ್ ೧೦, ಭಾನುವಾರ. ಬೆಳಿಗ್ಗೆ ೧೧.೪೦ಕ್ಕೆ ಕರಿಗುಂಡ್ಲು ಠಾಣೆಯ ಮುಂದೆ ನಾಲ್ಕು ಜೀಪುಗಳು ಬಂದು ನಿಂತವು. ಹಿಂದೂಪುರದಿಂದ ಹೊರಟಾಗ ಆರಿದ್ದವು. ಒಂದು ಊರಾಚೆಯ ಹಳ್ಳದಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಇನ್ನೊಂದು, ಬಿದ್ದ ಜೀಪನ್ನು ಓಡಿಸುತ್ತಿದ್ದ ಕೇಶವಯ್ಯನನ್ನು ಹೊತ್ತುಕೊಂಡು ಆಸ್ಪತ್ರೆಗೆ ಹೋಗಿತ್ತು. ಕೇಶವಯ್ಯ ಹಿಂದೂಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಎರಡೂ ಕಾಲು ಮುರಿದಿದ್ದವು.

ದೂರು ಕೊಟ್ಟವನು ಅವನ ಗೆಳೆಯ, ಬಟ್ಟೆ ಅಂಗಡಿ ಆಂಜಿನಪ್ಪ. ಇವರದೊಂದು ಜೀಪಿನ ಬಳಗ. ತಿಂಗಳಿಗೊಂದು ಭಾನುವಾರ ಟಾರು ರಸ್ತೆ ಮುಟ್ಟದೆ, ಕೆರೆ ಏರಿ, ಬಂಡಿ ದಾರಿ, ಬೆಟ್ಟದ ಬುಡ ಹಿಡಿದು ಫೋರ್ ವೀಲ್ ಹಾಕಿಕೊಂಡು ಕಲ್ಯಾಣದುರ್ಗ ಸೇರುವುದು. ನೆಟ್ಟಗಿರುವ ರಸ್ತೆ ಬಿಟ್ಟು ಮೈಕೈ ನೋಯಿಸಿಕೊಳ್ಳುವ ಇವರನ್ನು ಕಂಡರೆ ಹಳ್ಳಿಗರಿಗೆ ನಗು. ಆದರೆ ಗುಂಡುಬೆಟ್ಟಗಳ ನಡುವೆ ಬೆಳಗಿನ ಬಿಸಿಲು ಇಳಿಯುವುದನ್ನು ಒಮ್ಮೆ ನೋಡಿದವರು ನಗುವುದಿಲ್ಲ.

ದಾರಿ ಹುಡುಕಿಕೊಡುವವನು ಕಲ್ಯಾಣದುರ್ಗದಲ್ಲಿ ಸರ್ವಿಸ್ ಜೀಪು ಓಡಿಸುವ ಉಜ್ಜಿನಪ್ಪ. ಎರಡು ದಿನ ಮೊದಲೇ ಬಂದು ಕವಲು ಬಂದಲ್ಲೆಲ್ಲ ಬಂಡೆಯ ಮೇಲೆ ಸುಣ್ಣದ ಬಾಣ ಹಾಕಿ ಹೋಗುತ್ತಿದ್ದ. ಬಾಣ ನಂಬಿ ಕೇಶವಯ್ಯ ಎಡಕ್ಕೆ ತಿರುಗಿದ, ಹತ್ತಡಿ ಕೆಳಗೆ ಬಿದ್ದ ಎಂಬುದು ದೂರು. ಎಫ್‌ಐಆರ್ ನಂಬರ್ ೬೧, ಕಲಂ ೩೩೮, ಅಜಾಗರೂಕತೆಯಿಂದ ಭಾರಿ ಗಾಯ. ಮಧ್ಯಾಹ್ನ ಮೂರಕ್ಕೆ ಹೆಡ್ ಕಾನ್‌ಸ್ಟೇಬಲ್ ಅಮರೇಶಪ್ಪ ಉಜ್ಜಿನಪ್ಪನನ್ನು ಕರೆತಂದ. ಸಬ್ ಇನ್ಸ್‌ಪೆಕ್ಟರ್ ಸೀತಾರಾಮಪ್ಪ ವಿಚಾರಣೆಗೆ ಕೂತರು.

“ಬಾಣ ಹಾಕ್ದೋನು ಯಾರು?”

“ನಾನೇ ಸಾರ್. ಶುಕ್ರವಾರ.”

“ಕವಲಲ್ಲಿ ಯಾವ ಕಡೆಗೆ ಹಾಕ್ದೆ?”

“ಬಲಕ್ಕೆ. ಹುಣಸೆ ಸಾಲಿನ ಕೆಳಕ್ಕೆ. ಎಡಕ್ಕೆ ಗಾಡಿ ಹೋಗೋ ದಾರೀನೇ ಇಲ್ಲ ಸಾರ್.”

“ಕುಡಿದಿದ್ಯಾ?”

“ಇಲ್ಲ ಸಾರ್. ಲೈಸೆನ್ಸ್ ಹೋದ್ರೆ ನಮ್ಮನೆ ಒಲೆ ಉರಿಯಲ್ಲ. ಜೈಲಾದ್ರೆ ಮುಗ್ದೇಹೋಯ್ತು.”

ಅಮರೇಶಪ್ಪನಿಗೆ ಆಗಲೇ ತೃಪ್ತಿಯಾಗಿತ್ತು. “ಇವ್ನೇ ಸಾರ್. ಇನ್ನೇನ್ ಹುಡುಕೋದು, ರಿಮ್ಯಾಂಡಿಗೆ ಬರ್ದ್ಬುಡೋಣ.”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ ಅಮರೇಶಪ್ಪ. ಮೊದ್ಲು ಜಾಗ ನೋಡೋಣ ನಡೀರಿ.”

ಸಂಜೆ ೪.೩೦ಕ್ಕೆ ಸ್ಥಳ ಪಂಚನಾಮೆ. ಪಂಚರು ಅದೇ ಊರಿನ ಮುನೆಪ್ಪ ಮತ್ತು ನಾರಪ್ಪ. ಕವಲಿನ ಬಂಡೆಯ ಮೇಲೆ ಬಲಕ್ಕೆ ತಿರುಗಿದ ಬಾಣವೊಂದು ಮಳೆಗೆ ತೊಳೆದುಹೋಗಿ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೇ ಎಡಕ್ಕೆ ತಿರುಗಿದ ಇನ್ನೊಂದು ಬಾಣ ಅಚ್ಚ ಬಿಳಿ. ಉಜ್ಜಿನಪ್ಪ ಸುಳ್ಳು ಹೇಳಿರಲಿಲ್ಲ.

“ಮಳೆ ಬಂದಿದ್ದು ನಿನ್ನೆ ಸಂಜೆ. ಈ ಬಿಳೀದು ಆಮೇಲೆ ಬರ್ದಿದ್ದು,” ಎಂದ ಅಮರೇಶಪ್ಪ.

ಮುನೆಪ್ಪ ತಲೆಯಾಡಿಸಿದ. “ಇಲ್ಲ ಸಾಮಿ. ನಿನ್ನೆ ಮಧ್ಯಾಹ್ನ ದನ ಹೊಡ್ಕೊಂಡು ಬಂದಾಗ್ಲೇ ಇತ್ತು. ಅದಾದ್ಮೇಲೇ ಮಳೆ ಬಂದಿದ್ದು.”

ಒಂದು ಬಾಣ ತೊಳೆದುಹೋಗಿದೆ, ಇನ್ನೊಂದು ಹೋಗಿಲ್ಲ. ಸೀತಾರಾಮಪ್ಪ ಒಂದು ಬಿಂದಿಗೆ ನೀರು ತರಿಸಿ ಸುರಿಸಿದರು, ಹೆಬ್ಬೆರಳಿನಲ್ಲಿ ಉಜ್ಜಿದರು. ಜಗ್ಗಲಿಲ್ಲ. ಒಂದು ಚೂರು ಕೆರೆದು ಬೆರಳ ನಡುವೆ ಹಿಸುಕಿದಾಗ ಅಂಟಂಟಾಯಿತು. ಬಾಣದ ಗೀಟು ಮೊಳದಗಲವಿತ್ತು, ಅದರೊಳಗೆ ಕೂದಲಿನಷ್ಟು ಸಣ್ಣ ನೂರಾರು ಗೆರೆ.

ಅವರು ನೇಕಾರರ ಮನೆಯ ಮಗ. ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದದ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ನೆರಳಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಗಂಡ ಒಂದು ಬದಿ ಹೆಂಡತಿ ಒಂದು ಬದಿ ನಿಂತು ಮೊಳದಗಲದ ಕುಂಚದಿಂದ ತೀಡುವುದನ್ನು ನೋಡಿ ಬೆಳೆದವರು. ಎದ್ದು ಬಲಗಡೆಯ ದಾರಿಯಲ್ಲಿ ನಡೆದರು. ಹುಣಸೆಮರಗಳ ಕೆಳಗೆ ದಾರಿಯ ಎರಡೂ ತುದಿಯಲ್ಲಿ ಗೂಟ ನೆಟ್ಟು ಕಿತ್ತ ಹಳೆಯ ಕುಳಿಗಳಿದ್ದವು.

“ಇಲ್ಲಿ ಹಾಸು ಕಟ್ತಾರಾ?”

“ತಾತನ ಕಾಲದಿಂದ್ಲೂ ಸಾಮಿ,” ಎಂದ ನಾರಪ್ಪ. “ಇಷ್ಟುದ್ದ ನೆರಳು ಇನ್ನೆಲ್ಲೈತೆ?”

ಸೋಮವಾರ ಬೆಳಿಗ್ಗೆ ಏಳಕ್ಕೆ ನೇಕಾರರ ಬೀದಿ. ಹನ್ನೊಂದು ಮನೆ. ಹತ್ತು ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಕುಂಚ ಗಂಜಿ ಕುಡಿದು ಕಂದಾಗಿತ್ತು. ಹನ್ನೊಂದನೆಯದು ಶಂಕರಯ್ಯನ ಮನೆ. ಅಲ್ಲಿ ಹೊಸ ಕುಂಚ, ಇನ್ನೂ ನೀರು ಸೋಕಿರಲಿಲ್ಲ.

“ಹಳೇದೆಲ್ಲಿ?”

ಶಂಕರಯ್ಯ ಹೆಂಡತಿ ಗಂಗಾದೇವಿಯ ಕಡೆ ನೋಡಿದ. “ಬಿಸಾಕ್ದೆ ಸಾರ್.”

“ಯಾಕೆ?”

“ಸುಣ್ಣ ತಾಕಿದ ಕುಂಚ ನೂಲಿಗೆ ಆಗಲ್ಲ. ಎಳೆ ತಿಂದ್ಬುಡ್ತದೆ.”

“ಸುಣ್ಣಕ್ಕೆ ಗಂಜಿ ಯಾಕೆ ಬೆರೆಸ್ದೆ?”

“ಗಂಜಿ ಇಲ್ದೆ ಯಾವ್ದು ನಿಲ್ತದೆ ಸಾರ್?”

ಕಳ್ಳತನದಲ್ಲಿ ಮಾಡಿದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡಿ ಸಿಕ್ಕಿಬಿದ್ದಿದ್ದ, ಪಾಪ. ೭.೨೫ಕ್ಕೆ ದಸ್ತಗಿರಿ. ಗಂಗಾದೇವಿ ಗೋಡೆ ತಡವಿಕೊಂಡು ಬಾಗಿಲವರೆಗೆ ಬಂದಳು.

ಠಾಣೆಯಲ್ಲಿ ಪಂಚರ ಮುಂದೆ ಹೇಳಿಕೆ. ಬರೆದುಕೊಳ್ಳುತ್ತಿದ್ದವನು ಅಮರೇಶಪ್ಪ.

“ಎಡಕ್ಕೆ ಹಳ್ಳ ಇರೋದು ಗೊತ್ತಿತ್ತಾ?”

“ಗೊತ್ತಿತ್ತು ಸಾರ್, ದಡ ಕುಸಿದಿದ್ದು ಗೊತ್ತಿರ್ಲಿಲ್ಲ. ಹುಡುಗ್ನಾಗಿದ್ದಾಗ ಆ ದಾರೀಲಿ ರೊದ್ದಂ ಕಡೆಗೆ ಬಂಡಿ ಹೋಗೋವು. ಆಮೇಲೆ ಮಗ್ಗದ ಗುಂಡೀಲಿ ಕೂತೋನು, ಅದು ಬಿಟ್ಟು ನಾನೆಲ್ಲಿಗೆ ಹೋಗಿದ್ದೀನಿ? ಅವ್ರು ಆ ಕಡೆಯಿಂದ ಸುತ್ಕೊಂಡು ಹೋಗ್ಲಿ ಅಂತ ಹಾಕ್ದೆ.” ಆಮೇಲೆ ಅವನೇ ಕೇಳಿದ. “ಆ ಯಪ್ಪನ ಕಾಲು?”

“ಎಡಗಾಲು ತೆಗೆದ್ರಂತೆ. ಬೆಳಿಗ್ಗೆ ಫೋನ್ ಬಂತು.”

ಶಂಕರಯ್ಯ ಅತ್ತುಬಿಟ್ಟ. ಕಾಲಿಲ್ಲದವನು ಮಗ್ಗ ತುಳಿಯಲಾರ ಎಂಬುದೊಂದೇ ಅವನಿಗೆ ಗೊತ್ತಿದ್ದ ಲೆಕ್ಕ. ಸೀತಾರಾಮಪ್ಪ ಅವನಿಗೆ ನೀರು ಕೊಡಿಸಿದರು.

“ಜೀಪಿನವರ ಮೇಲೆ ಏನಿತ್ತು ನಿಂಗೆ?”

“ಆಗಸ್ಟ್‌ನಾಗೊಂದ್ಸಲ, ಹೋದ ತಿಂಗ್ಳು ಒಂದ್ಸಲ, ಕಟ್ಟಿದ್ದ ಹಾಸಿನ ಮೇಲೇ ಹೋಗ್ಬುಟ್ರು ಸಾರ್. ನಾವು ನಿಲ್ಲಿ ಅಂತ ಕೈ ಆಡ್ಸಿದ್ರೆ ಅವ್ರೂ ಕೈ ಬೀಸ್ಕೊಂಡು ಹೋದ್ರು. ಜೀಪ್ ನೋಡೋಕೆ ಬಂದವ್ರೆ ಅಂದ್ಕೊಂಡ್ರೇನೋ. ಎರಡು ಸಾವಿರ ಎಳೆ ಕಿತ್ತೋದ್ವು. ಒಂದೊಂದೇ ಕೂಡಿಸ್ದೋಳು ನನ್ನ ಹೆಂಡ್ತಿ. ಎರಡ್ನೇ ಸಲಕ್ಕೆ ಕಣ್ಣು ಹೋಯ್ತು. ಈಗ ಎಳೆ ಕಾಣಲ್ಲ, ಕೈಯಾಗೆ ತಡವ್ತಾಳೆ. ಮೂರ್ನೇ ಸಲ ಕೂಡ್ಸೋರು ಯಾರು?”

“ಠಾಣೆಗೆ ಯಾಕೆ ಬರ್ಲಿಲ್ಲ?”

“ಬಂದಿದ್ದೆ. ಎರಡ್ಸಲಾನೂ.”

“ಏನಂದ್ರು?”

“‘ರಸ್ತೆ ನಿಮ್ಮ ತಾತಂದೇನ್ಲಾ, ನೂಲು ಮನೇಲಿ ಹಾಸ್ಕೋ ಹೋಗು’ ಅಂದ್ರು.”

“ಯಾರು?”

“ಬರೀತಾ ಕುಂತವ್ರಲ್ಲ ಸಾರ್, ಇವ್ರೇ.”

ಸೀತಾರಾಮಪ್ಪ ಠಾಣೆಗೆ ಬಂದದ್ದನ್ನೆಲ್ಲ ಬರೆದಿಡುವ ಜನರಲ್ ಡೈರಿ ತೆಗೆಸಿ ಎರಡೂ ತಿಂಗಳ ಪುಟ ತಿರುವಿಹಾಕಿದರು. ಶಂಕರಯ್ಯನ ಹೆಸರು ಎಲ್ಲೂ ಇರಲಿಲ್ಲ. ಅವರಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಉಜ್ಜಿನಪ್ಪನನ್ನು ಕರೆಸಿ, ಹಿಂದಿನ ದಿನ ತೆಗೆದಿಟ್ಟುಕೊಂಡಿದ್ದ ಲೈಸೆನ್ಸ್ ಕೈಗಿತ್ತು ಕಳುಹಿಸಿದರು. ಅಮರೇಶಪ್ಪನ ಪೆನ್ನು ನಿಂತಲ್ಲೇ ನಿಂತಿತ್ತು.

“ಬರೀರಿ ಅಮರೇಶಪ್ಪ.”

“ಹೆಸ್ರೂ ಬರೀಬೇಕಾ ಸಾರ್?”

“ಹೇಳಿದ್ದಷ್ಟೂ.”

ಬರೆದದ್ದನ್ನು ಆರೋಪಿಗೆ ಓದಿ ಹೇಳಬೇಕೆಂಬುದು ಪದ್ಧತಿ. ೯.೧೦ಕ್ಕೆ ಅಮರೇಶಪ್ಪ ಎದ್ದು ನಿಂತು ಓದಿದ. ಎರಡು ಸಾವಿರ ಎಳೆಯವರೆಗೆ ಗಂಟಲು ಸರಿಯಾಗಿಯೇ ಇತ್ತು. ಕೊನೆಯಲ್ಲಿ ಅವನದೇ ಮಾತು, ಅವನದೇ ಹೆಸರು ಬಂದಾಗ ದನಿ ಇಳಿದುಹೋಯಿತು. ಪಂಚರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಓದಬೇಕಾಯಿತು.

“ಸರಿಯಾಗಿ ಬರ್ದವ್ರಾ?” ಎಂದು ಸೀತಾರಾಮಪ್ಪ ಶಂಕರಯ್ಯನನ್ನು ಕೇಳಿದರು.

“ಸರಿಯಾಗೈತೆ ಸಾರ್,” ಎಂದ ಶಂಕರಯ್ಯ. “ಆವತ್ತೇ ಬರ್ಕೊಂಡಿದ್ರೆ ಆ ಯಪ್ಪನ ಕಾಲು ಉಳೀತಿತ್ತು.”